ಬೋಧಕರ ಮಾತು ಸ್ಪಷ್ಟವಾಗಿರಬೇಕೆಂಬ ವಿಷಯ

ಗ್ರಾಮಸಭೆಗಳ ಸತ್ಯವೇದಾಭ್ಯಾಸಕ್ಕಾಗಿ ಒಂದು ಪಾಠ

ಓದತಕ್ಕ ಭಾಗಗಳು: ನೆಹೆಮೀಯ ೮:೧–೮, ಅಪೊಸ್ತಲರ ಕೃತ್ಯಗಳು ೧೫:೨೨–೩೧, ೧ ಕೊರಿಂಥ ೧೪:೬–೧೨, ಗಲಾತ್ಯ ೨:೧೧–೧೪.

ಪೀಠಿಕೆ



ಕಡೂರು, ತರೀಕೆರೆ, ಅಜ್ಜಂಪುರ ಈ ಸೀಮೆಗಳಲ್ಲಿರುವ ನಮ್ಮ ಸಭೆಯವರಿಗೆ ರೋಮನ್ ಕಥೋಲಿಕರು ದೂರದವರಲ್ಲ. ಅವರು ೧೯೬೩ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಪ್ರಾಂತಕ್ಕೆ ಸೇರಿದವರು. ನಮ್ಮ ಮಕ್ಕಳ ಸಂಗಡ ಅವರ ಮಕ್ಕಳು ಓದುತ್ತಾರೆ. ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತೇವೆ. ಮದುವೆಗೂ ಮಣ್ಣಿಗೂ ಒಬ್ಬರ ಮನೆಗೆ ಒಬ್ಬರು ಹೋಗಿಬರುತ್ತೇವೆ. ಹೀಗಿರಲಾಗಿ, ಅವರಲ್ಲಿ ಕೆಲವರ ಮನಸ್ಸನ್ನು ಕೆಲವು ವರ್ಷಗಳಿಂದ ಕಲಕುತ್ತಿರುವ ಒಂದು ಚಿಂತೆಯು ನಮ್ಮ ಕಿವಿಗೂ ಬೀಳುವುದು ಸಹಜವೇ. ಅದೇನಂದರೆ, ರೋಮಿನಲ್ಲಿರುವ ಪೋಪರು ಕಲಿಸುವ ಮಾತುಗಳು ಕೆಲವು ಸಾರಿ ಎರಡು ಅರ್ಥಗಳಿಗೆ ಎಡೆಗೊಡುತ್ತವೆ, ಒಂದು ದೇಶದ ಯಾಜಕರು ಒಂದು ವಿಧವಾಗಿಯೂ ಮತ್ತೊಂದು ದೇಶದವರು ಮತ್ತೊಂದು ವಿಧವಾಗಿಯೂ ಅವುಗಳನ್ನು ತಿಳಿಸುತ್ತಾರೆ, ಹೀಗಾದರೆ ಸಾಮಾನ್ಯ ವಿಶ್ವಾಸಿಯು ಯಾವುದನ್ನು ಹಿಡಿಯಬೇಕು ಎಂಬುದೇ.

ನಮ್ಮವರಲ್ಲಿ ಕೆಲವರು ಇದನ್ನು ಕೇಳಿ ಸಂತೋಷಪಡುವುದುಂಟು. ಕೈಫೋನಿನಲ್ಲಿ ಬಂದ ಎರಡು ಸಾಲಿನ ಸುದ್ದಿಯನ್ನು ಹಿಡಿದುಕೊಂಡು, ನಿಮ್ಮ ಪೋಪರು ಹೀಗೆ ಹೇಳಿದರಂತೆ ಎಂದು ನೆರೆಯವನನ್ನು ಹಂಗಿಸುವುದೂ ಉಂಟು. ಇದು ಕ್ರೈಸ್ತರಿಗೆ ತಕ್ಕ ನಡತೆಯಲ್ಲ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯು ನ್ಯಾಯಸ್ಥಾನಕ್ಕೆ ಮಾತ್ರ ಸಂಬಂಧಪಟ್ಟದ್ದಲ್ಲ. ನೆರೆಯವನ ಗುರುವಿನ ಮಾತನ್ನು ತಿರುಚಿ ಹೇಳುವುದಕ್ಕೂ ಸಂಬಂಧಪಟ್ಟದ್ದು. ಆದಕಾರಣ ಈ ಪಾಠದಲ್ಲಿ ಮೊದಲು ಸಂಗತಿಯನ್ನು ಇದ್ದಂತೆಯೇ ತಿಳಿದುಕೊಂಡು, ತರುವಾಯ ದೇವರ ವಾಕ್ಯವು ಇದರ ವಿಷಯವಾಗಿ ಏನು ಕಲಿಸುತ್ತದೆಂಬುದನ್ನು ವಿಚಾರಿಸಿ, ಕಡೆಗೆ ಅದನ್ನು ನಮಗೇ ಅನ್ವಯಿಸಿಕೊಳ್ಳೋಣ.

೧. ಪೋಪರ ಮಾತುಗಳೆಲ್ಲವೂ ಒಂದೇ ತೂಕದವುಗಳಲ್ಲ

ಪೋಪರು ಬಾಯಿ ತೆರೆದು ಹೇಳುವುದೆಲ್ಲವೂ ತಪ್ಪಿಲ್ಲದ್ದೆಂದು ಕಥೋಲಿಕರು ನಂಬುತ್ತಾರೆಂಬ ಅಭಿಪ್ರಾಯವು ನಮ್ಮ ಸಭೆಗಳಲ್ಲಿ ಬಹಳವಾಗಿ ಹರಡಿದೆ. ಅದು ಸರಿಯಲ್ಲ. ೧೮೭೦ನೆಯ ಇಸವಿ ಜುಲೈ ೧೮ರಂದು ಮೊದಲನೆಯ ವ್ಯಾಟಿಕನ್ ಮಹಾಸಭೆಯು ನಿರ್ಣಯಿಸಿದ್ದೇನಂದರೆ, ಪೋಪರು ಸರ್ವಸಭೆಯ ಪಾಲಕರೂ ಬೋಧಕರೂ ಆಗಿ, ತಮ್ಮ ಪೀಠದ ಪೂರ್ಣಾಧಿಕಾರದಿಂದ, ವಿಶ್ವಾಸಕ್ಕಾಗಲಿ ನೀತಿಗಾಗಲಿ ಸಂಬಂಧಪಟ್ಟ ಒಂದು ಬೋಧನೆಯನ್ನು ಸಭೆಯೆಲ್ಲವೂ ಅಂಗೀಕರಿಸತಕ್ಕದ್ದೆಂದು ವಿಧಿಸಿದಾಗ ಮಾತ್ರ ಆ ವಿಧಿಯು ತಪ್ಪಿಲ್ಲದ್ದು ಎಂಬುದೇ. ಆ ಮಹಾಸಭೆಯಾದ ಮೇಲೆ ಪೋಪರು ಹೀಗೆ ವಿಧಿಸಿದ್ದೆಂದು ಎಲ್ಲರೂ ಒಪ್ಪುವ ಸಂದರ್ಭವು ಒಂದೇ; ಅದು ೧೯೫೦ನೆಯ ಇಸವಿ ನವೆಂಬರ್ ೧ರಂದು, ಮರಿಯಳು ಆತ್ಮಶರೀರಗಳೊಡನೆ ಪರಲೋಕಕ್ಕೆ ಸೇರಿಸಲ್ಪಟ್ಟಳೆಂಬ ಬೋಧನೆಯ ವಿಷಯದಲ್ಲಿ ಆದದ್ದು. ಆ ಬೋಧನೆಯನ್ನಾಗಲಿ ಈ ಅಧಿಕಾರವನ್ನಾಗಲಿ ನಾವು ಅಂಗೀಕರಿಸುವವರಲ್ಲ. ಆದರೆ ಅವರು ನಂಬುವುದನ್ನು ಅವರು ನಂಬುವಂತೆಯೇ ಹೇಳುವುದು ನ್ಯಾಯವಾಗಿದೆ.

ಇದಕ್ಕೆ ಕೆಳಗೆ ಅನೇಕ ಮೆಟ್ಟಲುಗಳುಂಟು. ಸರ್ವಸಭೆಗೆ ಬರೆಯುವ ವಿಶ್ವಪತ್ರಗಳು, ಬುದ್ಧಿವಾದದ ಪತ್ರಗಳು, ರೋಮಿನ ಇಲಾಖೆಗಳು ಪೋಪರ ಒಪ್ಪಿಗೆಯಿಂದ ಹೊರಡಿಸುವ ಪ್ರಕಟಣೆಗಳು, ವಾರದ ಪ್ರಸಂಗಗಳು, ಪತ್ರಿಕೆಯವರಿಗೆ ಕೊಡುವ ಉತ್ತರಗಳು ಇವೆಲ್ಲಕ್ಕೂ ಬೇರೆ ಬೇರೆ ತೂಕಗಳಿವೆ. ರಾಗಿಯನ್ನೂ ಬಂಗಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವವನಿಲ್ಲ. ಆದರೆ ಹಳ್ಳಿಯ ವಿಶ್ವಾಸಿಯ ಕಿವಿಗೆ ಇವೆಲ್ಲವೂ ಒಂದೇ ಮಾತಾಗಿ, ಪೋಪರು ಹೇಳಿದರು ಎಂದೇ ಬಂದು ಮುಟ್ಟುತ್ತವೆ. ತೂಕವು ದಾರಿಯಲ್ಲಿಯೇ ಬಿದ್ದುಹೋಗುತ್ತದೆ. ಚಿಂತೆಯ ಅರ್ಧಭಾಗವು ಇಲ್ಲಿಂದಲೇ ಹುಟ್ಟುತ್ತದೆ.

೨. ನಮ್ಮ ಮೈಸೂರು ಸೀಮೆಯ ದೃಷ್ಟಾಂತ

ಈ ಚಿಂತೆಯು ಹೊಸದಲ್ಲ. ನಮ್ಮ ಸೀಮೆಯ ಕ್ರೈಸ್ತರು ಇದನ್ನು ಮುನ್ನೂರು ವರ್ಷಗಳ ಹಿಂದೆಯೇ ಅನುಭವಿಸಿದರು. ಈ ಚರಿತ್ರೆಯು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲದಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

೧೬೦೬ರಲ್ಲಿ ರಾಬರ್ಟ್ ದ ನೊಬಿಲಿ ಎಂಬ ಇಟಲಿ ದೇಶದ ಯೇಸುಸಭೆಯ ಯಾಜಕನು ಮಧುರೆಗೆ ಬಂದು, ಸನ್ಯಾಸಿಯ ಉಡುಪನ್ನು ಧರಿಸಿ, ಸಸ್ಯಾಹಾರವನ್ನು ಕೈಕೊಂಡು, ಬ್ರಾಹ್ಮಣರಿಗೆ ಸುವಾರ್ತೆಯನ್ನು ಸಾರತೊಡಗಿದನು. ಕ್ರೈಸ್ತರಾದವರು ಜನಿವಾರ, ಜುಟ್ಟು, ಗಂಧ, ಸ್ನಾನಗಳನ್ನು ಕುಲಾಚಾರವಾಗಿ ಇಟ್ಟುಕೊಳ್ಳಬಹುದೇ, ಇಲ್ಲವೆ ಅವು ವಿಗ್ರಹಾರಾಧನೆಯ ಗುರುತುಗಳೇ ಎಂಬ ಪ್ರಶ್ನೆ ಎದ್ದಿತು. ೧೬೨೩ನೆಯ ಇಸವಿ ಜನವರಿ ೩೧ರಂದು ಹದಿನೈದನೆಯ ಗ್ರೆಗೊರಿ ಪೋಪರು, ಮೂಢಭಕ್ತಿಯನ್ನು ತೆಗೆದುಹಾಕಿದ ಪಕ್ಷದಲ್ಲಿ ಅವುಗಳನ್ನು ಇಟ್ಟುಕೊಳ್ಳಬಹುದೆಂದು ಅಪ್ಪಣೆಕೊಟ್ಟರು. ಆದರೆ ರೋಮಿನ ಪೀಠವು ಮುಂದೆ ಬೇರೆ ವಿಧವಾಗಿ ತೀರ್ಮಾನಿಸುವ ವರೆಗೆ ಎಂಬ ಮಾತನ್ನೂ ಸೇರಿಸಿದರು. ಅದೇ ಪತ್ರದಲ್ಲಿ ಮೇಲುಕುಲದವರು ಕೆಳಗಿನವರನ್ನು ತಿರಸ್ಕರಿಸಬಾರದೆಂದು ಬೇಡಿಕೊಂಡರು.

ಆ ಶತಮಾನದ ಮಧ್ಯದಲ್ಲಿ ಲಿಯೊನಾರ್ದೊ ಚಿನ್ನಾಮಿ ಎಂಬ ಮತ್ತೊಬ್ಬ ಯೇಸುಸಭೆಯ ಯಾಜಕನು ರಾಜಧಾನಿಯಾದ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಸ್ಥಾಪಿಸಿದನು. ಅವನೂ ಅವನ ಜೊತೆಯವರೂ ಸನ್ಯಾಸಿಗಳಂತೆ ಬಾಳುತ್ತಾ, ಕನ್ನಡವನ್ನು ಕಲಿತು, ಹಳ್ಳಿಗಳಲ್ಲಿ ಸಭೆಗಳನ್ನು ಕೂಡಿಸಿದರು. ಮಧುರೆಯಲ್ಲಿ ನಡೆದ ಪದ್ಧತಿಯೇ ಇಲ್ಲಿಯೂ ನಡೆಯಿತು.

ಎಂಭತ್ತು ವರ್ಷಗಳಾದ ಮೇಲೆ ಬೇರೆ ಯಾಜಕರು ಇದರ ಮೇಲೆ ದೂರುಕೊಟ್ಟರು. ೧೭೦೩ರಲ್ಲಿ ಪೋಪರ ಪ್ರತಿನಿಧಿಯಾದ ದ ತುರ್ನೋನ್ ಎಂಬವರು ಪುದುಚೇರಿಗೆ ಬಂದಿಳಿದು, ಎಂಟು ತಿಂಗಳ ಕಾಲ ಅಲ್ಲಿಯೇ ಇದ್ದು, ಒಳನಾಡಿನ ಹಳ್ಳಿಗಳನ್ನು ತಮ್ಮ ಕಣ್ಣುಗಳಿಂದ ನೋಡದೆ, ೧೭೦೪ನೆಯ ಇಸವಿ ಜೂನ್ ೨೩ರಂದು ಮಧುರೆ, ಮೈಸೂರು, ಕರ್ನಾಟಕ ಎಂದು ಕರೆಯಲ್ಪಟ್ಟ ಮೂರು ಮಿಷನ್ನುಗಳಿಗೂ ಒಂದು ನಿರ್ಣಯಪತ್ರವನ್ನು ಹೊರಡಿಸಿದರು. ಅದರಲ್ಲಿ ಹದಿನಾರು ವಿಧಿಗಳಿದ್ದವು. ತಾಳಿಯಲ್ಲಿ ಪಿಳ್ಳಾರಿಯ ಗುರುತಿರಬಾರದು. ಮದುವೆಯಲ್ಲಿ ಶಕುನ ನೋಡಿ ತೆಂಗಿನಕಾಯಿ ಒಡೆಯಬಾರದು. ಎಳೆಯ ಮಕ್ಕಳಿಗೆ ಮದುವೆ ಮಾಡಬಾರದು. ಮುಟ್ಟಾದ ಸ್ತ್ರೀಯರನ್ನು ದೇವಾಲಯದಿಂದ ಹೊರಗಿಡಬಾರದು. ಕ್ರೈಸ್ತ ವಾದ್ಯಗಾರರು ವಿಗ್ರಹಗಳ ಉತ್ಸವದಲ್ಲಿ ಬಾರಿಸಬಾರದು. ಅಸ್ಪೃಶ್ಯರೆನಿಸಿಕೊಂಡವರು ಕಾಯಿಲೆಯಿಂದ ಮಲಗಿದಾಗ ಯಾಜಕರು ಅವರ ಮನೆಗೆ ಹೋಗುವುದನ್ನು ನಿರಾಕರಿಸಬಾರದು ಎಂಬವು ಅವುಗಳಲ್ಲಿ ಕೆಲವು.

ಇವುಗಳಲ್ಲಿ ಒಳ್ಳೇ ವಿಧಿಗಳು ಬಹಳವಿದ್ದವೆಂದು ವಾಚಕರು ತಾವೇ ಕಾಣುವರು. ಕಡೂರಿನ ತೆಂಗಿನ ಸೀಮೆಯವರಾದ ನಮಗೆ, ಮದುವೆಯ ದಿನದಲ್ಲಿ ಕಾಯಿ ಒಡೆಯುವುದರಲ್ಲಿ ಎಷ್ಟು ಕುಲಾಚಾರ, ಎಷ್ಟು ಶಕುನ ಎಂದು ವಿಂಗಡಿಸುವುದು ಎಷ್ಟು ಕಷ್ಟವೆಂಬುದೂ ತಿಳಿಯುವುದು. ಆದರೆ ಮುಂದೆ ನಡೆದದ್ದನ್ನು ನೋಡಿರಿ.

ಯೇಸುಸಭೆಯವರು ರೋಮಿಗೆ ಮೊರೆಯಿಟ್ಟರು. ೧೭೦೬ನೆಯ ಇಸವಿ ಜನವರಿ ೭ರಂದು ರೋಮಿನ ಅಧಿಕಾರಸಭೆಯು ಆ ನಿರ್ಣಯವನ್ನು ಸ್ಥಿರಪಡಿಸಿತು. ಆದರೆ ಆಕ್ಷೇಪಣೆಯುಳ್ಳವರ ಮಾತನ್ನು ಕೇಳಿ ಪೀಠವು ಬೇರೆ ಏರ್ಪಾಟು ಮಾಡುವ ವರೆಗೆ ಎಂಬ ಷರತ್ತನ್ನು ಇಟ್ಟಿತು. ಇದಲ್ಲದೆ, ಹನ್ನೊಂದನೆಯ ಕ್ಲೆಮೆಂಟ್ ಪೋಪರು ಮಧುರೆಯ ಮಿಷನ್ನಿನ ಕಾರ್ಯಕರ್ತನಿಗೆ ಬಾಯಿಮಾತಿನಲ್ಲಿ, ದೇವರ ಮಹಿಮೆಯೂ ಆತ್ಮಗಳ ರಕ್ಷಣೆಯೂ ಎಡೆಗೊಡುವಷ್ಟು ಮಟ್ಟಿಗೆ ಆ ನಿರ್ಣಯವನ್ನು ಕೈಕೊಂಡರೆ ಸಾಕೆಂಬ ಅಭಿಪ್ರಾಯವನ್ನು ತಿಳಿಸಿದರು. ಕಾಗದದಲ್ಲಿ ಒಂದು, ಬಾಯಲ್ಲಿ ಇನ್ನೊಂದು! ಎಷ್ಟು ಮಟ್ಟಿಗೆ ಎಂಬುದನ್ನು ಯಾರು ಅಳೆಯತಕ್ಕದ್ದು? ಕಟ್ಟುನಿಟ್ಟಿನವನು ಕಾಗದವನ್ನು ಹಿಡಿದನು. ಸಡಿಲ ಮಾಡಬೇಕೆಂದವನು ಬಾಯಿಮಾತನ್ನು ಹಿಡಿದನು. ಇಬ್ಬರೂ ಪೋಪರ ಹೆಸರನ್ನೇ ಹೇಳಿದರು.

ಇಪ್ಪತ್ತೊಂದು ವರ್ಷಗಳು ಕಳೆದ ಮೇಲೆ, ೧೭೨೭ನೆಯ ಇಸವಿ ದಶಂಬರ ೧೨ರಂದು, ಹದಿಮೂರನೆಯ ಬೆನೆಡಿಕ್ಟ್ ಪೋಪರು ಆ ನಿರ್ಣಯವನ್ನೆಲ್ಲಾ ನಡಿಸಬೇಕೆಂದು ಮಧುರೆ, ಮೈಸೂರು, ಕರ್ನಾಟಕದವರಿಗೆ ಆಜ್ಞಾಪಿಸಿದರು. ಆ ಆಜ್ಞೆಯು ಮಿಷನ್ನಿಗೆ ಬಂದು ಮುಟ್ಟಿತೋ ಇಲ್ಲವೋ ಎಂಬುದೇ ಚರಿತ್ರಕಾರರಿಗೆ ಸಂದೇಹವಾಗಿದೆ. ಅವರ ತರುವಾಯ ಬಂದ ಹನ್ನೆರಡನೆಯ ಕ್ಲೆಮೆಂಟ್ ಪೋಪರು ಸಂಗತಿಯನ್ನೆಲ್ಲಾ ಪುನಃ ವಿಚಾರಿಸುವಂತೆ ಅಪ್ಪಣೆಕೊಟ್ಟು, ೧೭೩೪ರಲ್ಲಿ ತೀರ್ಮಾನವನ್ನು ಹೊರಡಿಸಿ, ೧೭೩೯ರಲ್ಲಿ ಪ್ರತಿಯೊಬ್ಬ ಮಿಷನೆರಿಯೂ ಅದಕ್ಕೆ ಒಳಪಡುವಂತೆ ಆಣೆಯಿಡಬೇಕೆಂದು ವಿಧಿಸಿದರು. ಕಡೆಗೆ ೧೭೪೪ನೆಯ ಇಸವಿ ಸೆಪ್ಟೆಂಬರ್ ೧೨ರಂದು ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಸಂಶಯಕ್ಕೆ ಎಡೆಯಿಲ್ಲದಂತೆ ಎಲ್ಲವನ್ನೂ ಬರೆದು ಮುಗಿಸಿದರು. ೧೬೨೩ರಿಂದ ೧೭೪೪ರ ವರೆಗೆ ನೂರಿಪ್ಪತ್ತೊಂದು ವರ್ಷಗಳು! ನಾಲ್ಕೈದು ತಲೆಗಳು ಹುಟ್ಟಿ, ಮದುವೆಯಾಗಿ, ಮಣ್ಣಾಗುವ ಕಾಲ. ತಾಳಿ ಕಟ್ಟಿಸಿಕೊಂಡ ಹುಡುಗಿಗೆ, ತನ್ನ ಕೊರಳಲ್ಲಿರುವುದು ಪಾಪವೋ ಅಲ್ಲವೋ ಎಂದು ಖಂಡಿತವಾಗಿ ಹೇಳುವವರು ಇರಲಿಲ್ಲ. ಕೇರಿಯ ಗುಡಿಸಲಿನಲ್ಲಿ ಸಾಯುತ್ತಿದ್ದವನಿಗೆ, ಯಾಜಕನು ಬಾಗಲಿಗೆ ಬರುವನೋ, ಇಲ್ಲವೆ ತನ್ನನ್ನೇ ಹೊರಗೆ ಹೊತ್ತು ತರಬೇಕೋ ಎಂಬುದು ರೋಮಿನ ಕಾಗದಗಳ ಮೇಲೆ ನಿಂತಿತ್ತು.

ಇಲ್ಲಿ ಇನ್ನೊಂದನ್ನು ಗಮನಿಸಬೇಕು. ೧೭೪೪ರ ಪತ್ರವು ಸ್ಪಷ್ಟವಾಗಿತ್ತು. ಆದರೂ ಅದೇ ಪತ್ರದಲ್ಲಿ, ಅಸ್ಪೃಶ್ಯರೆನಿಸಿಕೊಂಡವರಿಗೆ ಪ್ರತ್ಯೇಕವಾದ ಯಾಜಕರನ್ನು ನೇಮಿಸುವ ಏರ್ಪಾಟಿಗೆ ಒಪ್ಪಿಗೆ ಕೊಡಲ್ಪಟ್ಟಿತು. ಸ್ಪಷ್ಟತೆಯು ಒಂದು, ನೀತಿಯು ಇನ್ನೊಂದು. ಸ್ಪಷ್ಟವಾಗಿ ಬರೆದದ್ದೆಲ್ಲಾ ಸರಿಯಾದದ್ದಾಗದು. ಆದರೆ ಸ್ಪಷ್ಟವಾಗಿ ಬರೆದ ಮೇಲೆ ಅದರ ಸರಿತಪ್ಪುಗಳನ್ನು ಜನರು ವಿಚಾರಿಸಬಹುದು. ಮಿಷನೆರಿಗಳ ಆಣೆಯನ್ನು ರೋಮಿನವರು ೧೯೪೦ರಲ್ಲಿ ತೆಗೆದುಹಾಕಿದರು.

೩. ನಮ್ಮ ಕಾಲದಲ್ಲಿ ನಡೆದದ್ದು

ಈಗ ಈಚಿನ ಸಂಗತಿಗೆ ಬರೋಣ. ೨೦೧೩ರಿಂದ, ೨೦೨೫ನೆಯ ಇಸವಿ ಏಪ್ರಿಲ್ ೨೧ರಂದು ತೀರಿಹೋಗುವ ವರೆಗೆ, ಫ್ರಾನ್ಸಿಸ್ ಎಂಬ ಹೆಸರಿನ ಪೋಪರು ಪೀಠದಲ್ಲಿದ್ದರು. ಅವರು ಬಡವರ ಸ್ನೇಹಿತರೆಂದೂ ಸರಳಜೀವಿಗಳೆಂದೂ ಎಲ್ಲಾ ಸಭೆಗಳವರಿಂದ ಗೌರವವನ್ನು ಹೊಂದಿದರು. ಅವರು ಪತ್ರಿಕೆಯವರ ಸಂಗಡ ಸಲಿಗೆಯಿಂದ ಮಾತಾಡುತ್ತಿದ್ದರು. ವಿಮಾನದಲ್ಲಿ ಆಡಿದ ಅರ್ಧ ವಾಕ್ಯವು ಮರುದಿನ ಲೋಕವನ್ನೆಲ್ಲಾ ಸುತ್ತಿಬರುತ್ತಿತ್ತು. ಉಳಿದರ್ಧವು ಹಿಂದೆಯೇ ಉಳಿಯುತ್ತಿತ್ತು.

೨೦೧೬ನೆಯ ಇಸವಿ ಏಪ್ರಿಲ್ ೮ರಂದು ಕುಟುಂಬಜೀವನದ ವಿಷಯವಾಗಿ ಅವರ ಒಂದು ದೀರ್ಘವಾದ ಬುದ್ಧಿವಾದಪತ್ರವು ಪ್ರಕಟವಾಯಿತು. ವಿವಾಹವನ್ನು ಬಿಟ್ಟು, ಮೊದಲನೆಯ ಸಂಗಾತಿಯು ಜೀವದಿಂದಿರುವಾಗಲೇ ಮತ್ತೊಬ್ಬರನ್ನು ಕೂಡಿಕೊಂಡವರು ಪರಮಪ್ರಸಾದವನ್ನು ಹೊಂದಬಹುದೋ ಎಂಬುದು ಪ್ರಶ್ನೆ. ಕಥೋಲಿಕರ ಹಿಂದಿನ ವಿಧಿಯು ಕೂಡದೆಂದೇ ಹೇಳುತ್ತಿತ್ತು. ಈ ಪತ್ರದ ಎಂಟನೆಯ ಅಧ್ಯಾಯವು ಒಬ್ಬೊಬ್ಬರ ಸ್ಥಿತಿಯನ್ನು ಯಾಜಕರು ವಿವೇಚಿಸಬೇಕೆಂದು ಹೇಳಿ, ಕೆಲವರಿಗೆ ಸಂಸ್ಕಾರಗಳ ಸಹಾಯವೂ ದೊರೆಯಬಹುದೆಂಬುದನ್ನು ಒಂದು ಅಡಿಟಿಪ್ಪಣಿಯಲ್ಲಿ ಸೂಚಿಸಿತು. ಇಂಥಾ ಭಾರವಾದ ಸಂಗತಿಯು ಅಡಿಟಿಪ್ಪಣಿಯಲ್ಲಿ ಬಂದದ್ದೇ ಅನೇಕರಿಗೆ ಕಳವಳವಾಯಿತು. ಮಾಲ್ಟಾ ದ್ವೀಪದ ಧರ್ಮಾಧ್ಯಕ್ಷರು ಅದನ್ನು ಒಂದು ವಿಧವಾಗಿಯೂ ಪೋಲೆಂಡಿನವರು ಮತ್ತೊಂದು ವಿಧವಾಗಿಯೂ ಅರ್ಥಮಾಡಿಕೊಂಡರು.

ಆಗ ಬ್ರಾಂಡ್‌ಮ್ಯುಲ್ಲರ್, ಬರ್ಕ್, ಕಾಫಾರಾ, ಮೈಸ್ನರ್ ಎಂಬ ನಾಲ್ಕು ಮಂದಿ ಕಾರ್ಡಿನಲರು ೨೦೧೬ನೆಯ ಸೆಪ್ಟೆಂಬರಿನಲ್ಲಿ ಐದು ಪ್ರಶ್ನೆಗಳನ್ನು ಬರೆದು, ಹೌದು ಅಥವಾ ಅಲ್ಲ ಎಂಬ ಉತ್ತರವನ್ನು ಬೇಡಿದರು. ಉತ್ತರ ಬಾರದಿರಲು ನವೆಂಬರ್ ೧೪ರಂದು ಪ್ರಶ್ನೆಗಳನ್ನು ಬಹಿರಂಗಪಡಿಸಿದರು. ಅವರಲ್ಲಿ ಇಬ್ಬರು ಮರುವರ್ಷವೇ ತೀರಿಹೋದರು. ಪೋಪರು ಆ ಐದು ಪ್ರಶ್ನೆಗಳಿಗೆ ಆಗ ನೇರವಾದ ಉತ್ತರವನ್ನು ಕೊಡಲಿಲ್ಲ; ಆದರೆ ತಮ್ಮ ಸ್ವದೇಶವಾದ ಅರ್ಜೆಂಟೀನಾದ ಕೆಲವು ಧರ್ಮಾಧ್ಯಕ್ಷರು ಮಾಡಿದ ಅರ್ಥವನ್ನು ಒಪ್ಪಿ ಬರೆದ ಕಾಗದವು ೨೦೧೭ರಲ್ಲಿ ರೋಮಿನ ಅಧಿಕೃತ ಸಂಚಿಕೆಯಲ್ಲಿ ಸೇರಿತು.

ಪುನಃ ೨೦೨೩ನೆಯ ಇಸವಿ ದಶಂಬರ ೧೮ರಂದು, ಸಭೆಯ ವಿಧಿಗೆ ಒಳಪಡದ ಸಂಬಂಧದಲ್ಲಿರುವ ಜೋಡಿಗಳೂ ಒಂದೇ ಲಿಂಗದ ಜೋಡಿಗಳೂ ಆಶೀರ್ವಾದವನ್ನು ಬೇಡಿದರೆ, ವಿವಾಹದ ಬೋಧನೆಯನ್ನು ಬದಲಿಸದೆಯೂ ಆರಾಧನಾಕ್ರಮವಿಲ್ಲದೆಯೂ ಯಾಜಕನು ಆಶೀರ್ವದಿಸಬಹುದೆಂದು ರೋಮಿನ ಇಲಾಖೆಯಿಂದ ಒಂದು ಪ್ರಕಟಣೆ ಹೊರಟಿತು. ಹದಿನೇಳು ದಿನಗಳೊಳಗಾಗಿ, ಅಂದರೆ ೨೦೨೪ನೆಯ ಜನವರಿ ೪ರಂದು, ಅದನ್ನು ವಿವರಿಸುವುದಕ್ಕೆ ಅದೇ ಇಲಾಖೆಯು ಇನ್ನೊಂದು ಹೇಳಿಕೆಯನ್ನು ಕೊಡಬೇಕಾಯಿತು. ಜನವರಿ ೧೧ರಂದು ಆಫ್ರಿಕಾ ಖಂಡದ ಧರ್ಮಾಧ್ಯಕ್ಷರ ಒಕ್ಕೂಟವು, ತಮ್ಮ ದೇಶಗಳಲ್ಲಿ ಒಂದೇ ಲಿಂಗದ ಜೋಡಿಗಳಿಗೆ ಇಂಥಾ ಆಶೀರ್ವಾದವು ತಕ್ಕದ್ದಲ್ಲವೆಂದು ತಿಳಿಸಿತು. ವಿವರಣೆಗೆ ವಿವರಣೆ ಬೇಕಾದಾಗ ಮೊದಲಿನ ಮಾತು ತಿಳಿಯಾಗಿರಲಿಲ್ಲವೆಂಬುದೇ ದೂರುಕೊಟ್ಟವರ ವಾದ.

ಮತ್ತೊಂದು ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಫ್ರಾನ್ಸಿಸ್ ಪೋಪರನ್ನು ಸಮರ್ಥಿಸುವ ಕಥೋಲಿಕರು ಹೇಳುವುದೇನಂದರೆ: ಮನುಷ್ಯರ ದುಃಖಗಳು ಕಾನೂನಿನ ಪುಸ್ತಕದಂತೆ ಸಾಲಾಗಿ ಬರುವುದಿಲ್ಲ; ಗಂಡನಿಂದ ಬಿಡಲ್ಪಟ್ಟು ಮಕ್ಕಳನ್ನು ಸಾಕುವುದಕ್ಕಾಗಿ ಮತ್ತೊಬ್ಬನ ಆಸರೆ ಹಿಡಿದವಳನ್ನೂ, ಚಪಲದಿಂದ ಹೆಂಡತಿಯನ್ನು ಬಿಟ್ಟವನನ್ನೂ ಒಂದೇ ಮಾತಿನಿಂದ ತೀರಿಸಲಾಗದು; ಕುರುಬನು ಒಂದೊಂದು ಕುರಿಯ ಹತ್ತಿರಕ್ಕೂ ಹೋಗಬೇಕು; ಪ್ರಶ್ನೆ ಹಾಕುವವರಲ್ಲಿ ಕೆಲವರಿಗೆ ಉತ್ತರಕ್ಕಿಂತ ಸಿಕ್ಕಿಸುವುದೇ ಬೇಕಾಗಿರುತ್ತದೆ. ಇದರಲ್ಲಿ ಸತ್ಯವಿಲ್ಲವೆಂದು ಹೇಳಲಾರೆವು. ನಮ್ಮ ಕರ್ತನ ಬಳಿಗೂ ಹಾಗೆ ಸಿಕ್ಕಿಸುವುದಕ್ಕೆ ಬಂದವರಿದ್ದರು. ಆದರೆ ಯಥಾರ್ಥವಾಗಿ ಕೇಳುವ ಬಡವಿಶ್ವಾಸಿಯೂ ಉಂಟು. ಅವನಿಗೆ ಪಂಡಿತರ ವಾದವು ಬೇಡ. ನಾಳೆ ಬಲಿಪೂಜೆಯಲ್ಲಿ ತಾನು ಎದ್ದು ಮುಂದೆ ಹೋಗಬಹುದೋ ಇಲ್ಲವೋ ಎಂಬುದು ಬೇಕು. ೨೦೨೫ನೆಯ ಮೇ ೮ರಂದು ಹದಿನಾಲ್ಕನೆಯ ಲಿಯೋ ಎಂಬ ಹೆಸರಿನಿಂದ ಹೊಸ ಪೋಪರು ಆರಿಸಲ್ಪಟ್ಟಾಗ, ಈ ವಿಷಯವಾಗಿ ಚಿಂತೆಯುಳ್ಳವರು ಅವರಿಂದ ನಿರೀಕ್ಷಿಸಿದ್ದು ಇದನ್ನೇ.

೪. ದೇವರ ವಾಕ್ಯದ ಬೋಧನೆ

ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆಯುತ್ತಾ, ತುತೂರಿಯ ಧ್ವನಿಯು ಗೊತ್ತಾಗದಿದ್ದರೆ ಯುದ್ಧಕ್ಕೆ ಸಿದ್ಧವಾಗುವವರಿಲ್ಲವೆಂಬ ಹೋಲಿಕೆಯನ್ನು ಕೊಡುತ್ತಾನೆ. ನಮ್ಮ ಸೀಮೆಯವರಿಗೆ ಬೀರೂರು ಜಂಕ್ಷನ್ನಿನ ಹೋಲಿಕೆಯನ್ನು ಕೊಡಬಹುದು. ಅಲ್ಲಿ ರೈಲುದಾರಿಯು ಎರಡಾಗಿ ಒಡೆದು, ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೂ, ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೂ ಹೋಗುತ್ತದೆ. ಕಡೂರಿನಿಂದ ಬಂದ ಮುದುಕಿಯು, ಈ ಬಂಡಿ ಯಾವ ಊರಿಗೆ ಎಂದು ಕೇಳಿದರೆ, ಬಂಡಿಗಳೆಲ್ಲಾ ಒಳ್ಳೇವೇ, ನಿನ್ನ ಮನಸ್ಸನ್ನು ವಿಚಾರಿಸಿಕೋ ಎಂದು ಉತ್ತರ ಕೊಡುವವನು ದಯೆಯುಳ್ಳವನೋ? ಅವಳ ಗಂಟನ್ನು ಹೊತ್ತು, ಸರಿಯಾದ ಬಂಡಿಯನ್ನು ತೋರಿಸಿ, ಹತ್ತಿಸಿದವನೇ ದಯೆಯುಳ್ಳವನು. ಸ್ಪಷ್ಟತೆಯೂ ಕರುಣೆಯೂ ಶತ್ರುಗಳಲ್ಲ. ಬಡವರ ಪಾಲಿಗೆ ಸ್ಪಷ್ಟತೆಯೇ ಮೊದಲನೆಯ ಕರುಣೆ.

ನೆಹೆಮೀಯನ ಗ್ರಂಥದಲ್ಲಿ ಲೇವಿಯರು ಧರ್ಮಶಾಸ್ತ್ರವನ್ನು ಸ್ಪಷ್ಟವಾಗಿ ಓದಿ, ಅರ್ಥವನ್ನೂ ಹೇಳಿ, ಜನರು ಗ್ರಹಿಸುವಂತೆ ಮಾಡಿದರೆಂದು ಓದುತ್ತೇವೆ. ಓದುವುದು ಒಂದು ಕೆಲಸ, ಅರ್ಥ ಹೇಳುವುದು ಎರಡನೆಯದು, ಗ್ರಹಿಸಿದರೋ ಎಂದು ನೋಡುವುದು ಮೂರನೆಯದು. ಮೂರೂ ಆಗದೆ ಬೋಧನೆಯು ಪೂರ್ತಿಯಾಗದು.

ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯವು ಈ ವಿಷಯದಲ್ಲಿ ಬಹು ಬೆಲೆಯುಳ್ಳದ್ದು. ಅಲ್ಲಿಯೂ ಕುಲಾಚಾರಗಳ ಪ್ರಶ್ನೆಯೇ ಎದ್ದಿತ್ತು. ನಮ್ಮ ಮೈಸೂರು ಸೀಮೆಯ ಪ್ರಶ್ನೆಗೆ ಅದು ಅಣ್ಣತಮ್ಮನ ಹಾಗಿದೆ. ಅನುಮತಿಯಿಲ್ಲದೆ ಹೋದ ಕೆಲವರ ಮಾತಿನಿಂದ ಅಂತಿಯೋಕ್ಯದವರು ಕಳವಳಗೊಂಡಿದ್ದರು. ಯೆರೂಸಲೇಮಿನವರು ಏನು ಮಾಡಿದರು? ಎಲ್ಲರೂ ಕೂಡಿ ವಿಚಾರಿಸಿದರು. ಚಿಕ್ಕದಾದ ಒಂದು ಪತ್ರವನ್ನು ಬರೆದರು. ಆ ಹೋದವರಿಗೆ ತಾವು ಅಪ್ಪಣೆ ಕೊಡಲಿಲ್ಲವೆಂದು ಅದರಲ್ಲಿ ತಿಳಿಸಿದರು. ವಿಸರ್ಜಿಸಬೇಕಾದವುಗಳನ್ನು ಒಂದೊಂದಾಗಿ ಹೆಸರಿಸಿದರು. ಆ ಮೇಲೆ ಯೂದನನ್ನೂ ಸೀಲನನ್ನೂ ಪತ್ರದ ಸಂಗಡ ಕಳುಹಿಸಿ, ಅವರು ಬಾಯಿಂದಲೂ ಅದೇ ಸಂಗತಿಗಳನ್ನು ತಿಳಿಸುವಂತೆ ಏರ್ಪಡಿಸಿದರು. ಪತ್ರದಲ್ಲಿ ಯಾವುದೋ ಬಾಯಲ್ಲಿಯೂ ಅದೇ! ೧೭೦೬ರಲ್ಲಿ ಮಧುರೆಯವರಿಗೂ ಮೈಸೂರಿನವರಿಗೂ ದೊರೆಯದೆ ಹೋದದ್ದು ಇದೇ. ಪತ್ರವು ಸಭೆಯೆಲ್ಲರ ಮುಂದೆ ಓದಲ್ಪಟ್ಟಾಗ ಅವರು ಸಂತೋಷಪಟ್ಟರು. ಹೊರೆಯು ಹಗುರವಾದದ್ದರಿಂದ ಮಾತ್ರವಲ್ಲ, ಸಂಶಯವು ತೀರಿದ್ದರಿಂದಲೂ ಸಂತೋಷವುಂಟಾಯಿತು.

ಗಲಾತ್ಯದವರಿಗೆ ಬರೆದ ಪತ್ರದಿಂದ ಮತ್ತೊಂದು ಪಾಠವನ್ನು ಕಲಿಯುತ್ತೇವೆ. ಪೇತ್ರನು ಬಾಯಿಂದ ಏನೂ ತಪ್ಪು ಬೋಧಿಸಲಿಲ್ಲ; ಅನ್ಯಜನರ ಸಂಗಡ ಊಟಮಾಡುತ್ತಿದ್ದವನು ಕೆಲವರು ಬಂದಾಗ ಹಿಂದೆಗೆದನು, ಅಷ್ಟೇ. ಆದರೆ ಆ ನಡತೆಯೇ ಬೋಧನೆಯಾಗಿ, ಬಾರ್ನಬನೂ ಅದರ ಸಂಗಡ ಸೆಳೆಯಲ್ಪಟ್ಟನು. ಪೌಲನು ಬೆನ್ನ ಹಿಂದೆ ಗೊಣಗಲಿಲ್ಲ, ಅಪಹಾಸ್ಯ ಮಾಡಲಿಲ್ಲ; ಮುಖಾಮುಖಿಯಾಗಿ ಎಲ್ಲರ ಮುಂದೆ ಕೇಳಿದನು. ಹಿರಿಯ ಬೋಧಕನನ್ನು ಗೌರವದಿಂದ ಪ್ರಶ್ನಿಸುವುದು ತಿರುಗಿಬೀಳುವುದಲ್ಲವೆಂದು ಇದರಿಂದ ತಿಳಿಯುತ್ತದೆ.

ಆದರೂ ತಿಳಿಯದ ಮಾತೆಲ್ಲಾ ತಪ್ಪು ಮಾತೆಂದು ಹೇಳಬಾರದು. ಕರ್ತನು ಸಾಮ್ಯಗಳಿಂದ ಬೋಧಿಸಿದನು. ಕೆಲವನ್ನು ಶಿಷ್ಯರು ಇನ್ನೂ ತಾಳಲಾರರೆಂದು ಹೇಳದೆ ಬಿಟ್ಟನು. ಆದರೆ ಸಾಮ್ಯಗಳ ಅರ್ಥವನ್ನು ಶಿಷ್ಯರು ಕೇಳಿದಾಗ ಏಕಾಂತದಲ್ಲಿ ಎಲ್ಲವನ್ನೂ ವಿವರಿಸಿದನೆಂದು ಮಾರ್ಕನು ಬರೆಯುತ್ತಾನೆ. ಕೇಳಿದವನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ.

೫. ಇದು ನಮಗೂ ಸಂಬಂಧಪಟ್ಟದ್ದು

ನಮಗೆ ಪೋಪರಿಲ್ಲ, ಆದುದರಿಂದ ಈ ಕಷ್ಟವೂ ಇಲ್ಲವೆಂದು ಯಾರೂ ಹೇಳಿಕೊಳ್ಳಬಾರದು. ೧೭೦೬ನೆಯ ಇಸವಿಯಲ್ಲಿಯೇ ತರಂಗಂಬಾಡಿಗೆ ಮೊದಲನೆಯ ಪ್ರೊಟೆಸ್ಟಂಟ್ ಮಿಷನೆರಿಗಳು ಬಂದಿಳಿದರು. ಅವರ ತರುವಾಯ ಬಂದವರಲ್ಲಿ ಅನೇಕರು ಜಾತಿಭೇದವು ಸುವಾರ್ತೆಗೆ ವಿರೋಧವೆಂದು ಒಪ್ಪಿಕೊಂಡರೂ, ಸಭೆಯಲ್ಲಿ ಬೇರೆ ಬೇರೆಯಾಗಿ ಕುಳಿತುಕೊಳ್ಳುವುದನ್ನು ಸಹಿಸಿಕೊಂಡರು. ಕೂಡದೆಂದೂ ಹೇಳಲಿಲ್ಲ, ಕೂಡುವುದೆಂದೂ ಹೇಳಲಿಲ್ಲ. ೧೮೩೩ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನರು ಜಾತಿಭೇದವನ್ನು ಸಭೆಯಿಂದ ಪೂರ್ಣವಾಗಿ ಬಿಡಬೇಕೆಂದು ಸ್ಪಷ್ಟವಾಗಿ ಬರೆದಾಗ, ತಂಜಾವೂರು ಮೊದಲಾದ ಸ್ಥಳಗಳಲ್ಲಿ ಅನೇಕರು ಸಭೆಯನ್ನೇ ಬಿಟ್ಟುಹೋದರು. ಬೇಗನೆ ಹೇಳಬೇಕಾದ ಮಾತನ್ನು ತಡಮಾಡಿದಷ್ಟೂ ಅದನ್ನು ಕೇಳುವುದು ಕಷ್ಟವಾಗುತ್ತದೆ. ಪೋಪರ ನೂರಿಪ್ಪತ್ತೊಂದು ವರ್ಷಗಳನ್ನು ಎಣಿಸುವ ನಾವು, ನಮ್ಮವರ ನೂರಿಪ್ಪತ್ತೇಳು ವರ್ಷಗಳನ್ನೂ ಎಣಿಸಬೇಕು.

ಇಂದಿನ ಗ್ರಾಮಸಭೆಗಳಲ್ಲಿಯೂ ನೋಡಿರಿ. ಅನ್ಯಮತದವರ ಮನೆಯ ಹಬ್ಬದೂಟವನ್ನು ಉಣ್ಣಬಹುದೋ? ಸಭೆಗೆ ಸೇರದವರೊಂದಿಗೆ ಮದುವೆಯಾದ ಮಗಳನ್ನು ಕರ್ತನ ಭೋಜನಕ್ಕೆ ಕರೆಯಬಹುದೋ? ಆತ್ಮಹತ್ಯೆ ಮಾಡಿಕೊಂಡವನಿಗೆ ಸಭೆಯ ಸ್ಮಶಾನದಲ್ಲಿ ಸ್ಥಳವುಂಟೋ? ಒಬ್ಬ ಸಭಾಪಾಲಕರು ಒಂದು ಹೇಳಿ ವರ್ಗವಾಗಿ ಹೋಗುತ್ತಾರೆ. ಬಂದವರು ಮತ್ತೊಂದು ಹೇಳುತ್ತಾರೆ. ಹಿರಿಯರು ಮೂರನೆಯದನ್ನು ನಡಿಸುತ್ತಾರೆ. ಸತ್ಯವೇದವು ನಮ್ಮೆಲ್ಲರ ಕೈಯಲ್ಲಿರುವುದು ದೇವರ ದೊಡ್ಡ ದಾನ. ಆದರೆ ಪುಸ್ತಕವು ಸ್ಪಷ್ಟವಾಗಿದೆಯೆಂದು ಹೇಳಿಕೊಂಡು ಬೋಧಕನು ಅಸ್ಪಷ್ಟನಾಗಿರುವುದಕ್ಕೆ ಅಪ್ಪಣೆಯಿಲ್ಲ.

ಆದಕಾರಣ ಸಭೆಯವರು ಕೆಳಗಿನ ನಾಲ್ಕು ಸೂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೇದು.

ಒಂದನೆಯದು. ಯಾವ ಬೋಧಕರ ಮಾತನ್ನಾದರೂ ಕೇಳಿದಾಗ, ಹೇಳಿದವರು ಯಾರು, ಯಾರಿಗೆ ಹೇಳಿದರು, ಪತ್ರದಲ್ಲೋ ಮಾತುಕತೆಯಲ್ಲೋ, ಹಿಂದುಮುಂದಿನ ವಾಕ್ಯಗಳೇನು ಎಂದು ವಿಚಾರಿಸದೆ ಇನ್ನೊಬ್ಬರಿಗೆ ದಾಟಿಸಬಾರದು.

ಎರಡನೆಯದು. ಕಥೋಲಿಕ ನೆರೆಯವರ ಬೋಧನೆಯ ವಿಷಯದಲ್ಲಿ ಸಂದೇಹ ಬಂದರೆ, ಅವರನ್ನೇ ಅಥವಾ ಅವರ ಯಾಜಕರನ್ನೇ ಮರ್ಯಾದೆಯಿಂದ ಕೇಳಬೇಕು. ಕೈಫೋನು ಯಾರ ಧರ್ಮಕ್ಕೂ ಸಾಕ್ಷಿಯಲ್ಲ.

ಮೂರನೆಯದು. ಸಭೆಯ ಹಿರಿಯರು ಒಂದು ವಿಷಯವನ್ನು ನಿರ್ಣಯಿಸಿದರೆ, ಅದನ್ನು ತಿಳಿಗನ್ನಡದಲ್ಲಿ ಬರೆದು, ಆರಾಧನೆಯಲ್ಲಿ ಓದಿ, ಮನೆಮನೆಗೆ ಹೋದಾಗ ಬಾಯಿಂದಲೂ ಅದನ್ನೇ ಹೇಳಬೇಕು. ಹಣವುಳ್ಳವನಿಗೆ ಒಂದು ವಿವರಣೆ, ಕೂಲಿಯವನಿಗೆ ಒಂದು ವಿವರಣೆ ಇರಕೂಡದು.

ನಾಲ್ಕನೆಯದು. ಉತ್ತರವು ಇನ್ನೂ ಗೊತ್ತಾಗದಿದ್ದರೆ, ಗೊತ್ತಿಲ್ಲವೆಂದೇ ಸ್ಪಷ್ಟವಾಗಿ ಹೇಳಿ, ವಿಚಾರಿಸಿ ಇಂಥಾ ದಿನದೊಳಗೆ ತಿಳಿಸುತ್ತೇವೆಂದು ಗಡುವು ಕೊಡಬೇಕು. ಮೌನವೂ ಒಂದು ಉತ್ತರವಾಗಿ ಜನರೊಳಗೆ ನಡೆದುಬಿಡುತ್ತದೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. ೧೭೦೬ರಲ್ಲಿ ಬರೆದ ನಿರ್ಣಯಕ್ಕೂ ಬಾಯಿಮಾತಿಗೂ ಇದ್ದ ಭೇದದಿಂದ ಯಾರಿಗೆ ಹೆಚ್ಚು ಕಷ್ಟವಾಯಿತು? ಏಕೆ?

೨. ಯೆರೂಸಲೇಮಿನ ಪತ್ರವನ್ನು ಓದಿ ಅಂತಿಯೋಕ್ಯದವರು ಸಂತೋಷಪಡುವುದಕ್ಕೆ ಕಾರಣಗಳಾವುವು?

೩. ಸ್ಪಷ್ಟವಾದ ಮಾತು ಕಠಿಣವಾಗದ ಹಾಗೆಯೂ, ಕರುಣೆಯ ಮಾತು ಅಸ್ಪಷ್ಟವಾಗದ ಹಾಗೆಯೂ ಬೋಧಕನು ಹೇಗೆ ಮಾತಾಡಬೇಕು?

೪. ನಮ್ಮ ಸಭೆಯಲ್ಲಿ ಬಹುಕಾಲದಿಂದ ಹೌದೆಂದೂ ಅಲ್ಲವೆಂದೂ ಹೇಳದೆ ಬಿಟ್ಟಿರುವ ಪ್ರಶ್ನೆ ಯಾವುದು? ಅದರಿಂದ ಯಾರು ಬಾಗಲಲ್ಲಿ ಕಾಯುತ್ತಿದ್ದಾರೆ?

ನಾಲ್ಕನೆಯ ಪ್ರಶ್ನೆಯನ್ನು ಅವಸರದಿಂದ ಮುಗಿಸದೆ, ಬೇಕಾದರೆ ಮತ್ತೊಂದು ಕೂಟದಲ್ಲಿಯೂ ಎತ್ತಿಕೊಳ್ಳಬೇಕೆಂದು ಬೇಡುತ್ತೇವೆ. ಪ್ರಾರ್ಥನೆಯಲ್ಲಿ ನಮ್ಮ ಸಭಾಪಾಲಕರನ್ನೂ ಉಪದೇಶಿಗಳನ್ನೂ, ಚಿಕ್ಕಮಗಳೂರು ಧರ್ಮಪ್ರಾಂತದ ಯಾಜಕರನ್ನೂ, ರೋಮಿನ ಪೋಪರನ್ನೂ ಕರ್ತನ ಮುಂದೆ ನೆನಸಿಕೊಂಡು, ಅವರೆಲ್ಲರ ಬಾಯಿಗೆ ಚಿಕ್ಕವರೂ ಗ್ರಹಿಸುವಂಥಾ ಮಾತನ್ನು ದಯಪಾಲಿಸಬೇಕೆಂದು ಬೇಡಿಕೊಳ್ಳೋಣ.